ಎಂಟು ಅಂಕದ ಪ್ರಶ್ನೆ

ಪ್ರಶ್ನೆ ನನ್ನದೇ. ಹದಿನೆಂಟು ವರ್ಷದಿಂದ ಅದೇ:
ಎರಡು ನೆರೆದೇಶಗಳ ಭೂಗೋಳ, ಸಮಾಜ, ಆರ್ಥಿಕತೆ,
ನಡುವೆ ಗೆರೆ ಎಳೆದು ಹೋಲಿಸಿ ಬರೆಯಿರಿ.
ಸ್ಕೇಲಿಟ್ಟು, ಪೆನ್ಸಿಲ್ಲಿನಲ್ಲಿ.
ಗೆರೆಗೆ ಅರ್ಧ ಅಂಕ.

ನಲವತ್ತೊಂದು ಪೇಪರು ಮುಗಿದಿತ್ತು. ಎಲ್ಲರದೂ ಒಂದೇ:
ಎಡಕ್ಕೆ ಭಾರತ, ಬಲಕ್ಕೆ ನೇಪಾಳ,
ಎಡಕ್ಕೆ ಕಡಲು ಇದೆ, ಬಲಕ್ಕೆ ಇಲ್ಲ,
ಗೈಡಿನ ಕಾಗುಣಿತದ ತಪ್ಪು ಸಮೇತ.
ಸ್ಟಾಫ್ ರೂಮಿನ ಫ್ಯಾನು ದಾವಣಗೆರೆಯ ಏಪ್ರಿಲ್ಲನ್ನು
ಮಗುಚಿ ಮಗುಚಿ ಹಾಕುತ್ತಿತ್ತು.
ಮಿರ್ಚಿ ಕಟ್ಟಿದ ಕಾಗದ ಎಣ್ಣೆ ಬಿಟ್ಟು
ಒಂದಿಬ್ಬರ ಹಿಮಾಲಯ ನೆನೆದಿತ್ತು.

ನಲವತ್ತೆರಡನೆಯದು ಮನ್‌ಸರಾ ಬೋಗಟಿಯದು.
ಪಿ.ಜೆ. ಬಡಾವಣೆಯಲ್ಲಿ ರಾತ್ರಿ ಸೀಟಿ ಊದುವವನ ಮಗಳು.
ಗೆರೆ ಎಳೆದಿದ್ದಾಳೆ, ನೆಟ್ಟಗೆ.
ಆಮೇಲೆ ಅದರ ಮೇಲೆಯೇ ಬರೆದುಕೊಂಡು ಹೋಗಿದ್ದಾಳೆ
ಗೆರೆ ಇಲ್ಲವೇ ಇಲ್ಲ ಅನ್ನುವ ಹಾಗೆ.

'ಅಲ್ಲಿ ಹೊಳೆ ಕೆಳಗೆ, ಹೊಲ ಮೇಲೆ,
ನಡುವೆ ನೀರು ಹೊರುವುದು ಅಜ್ಜಿ.
ಇಲ್ಲಿ ಭದ್ರೆ ನಾಲೆಯಲ್ಲಿ ಬರುತ್ತಾಳೆ,
ಬಾರದಿದ್ದರೆ ಪೇಪರಿನಲ್ಲಿ ಹಾಕುತ್ತಾರೆ.
ಅಲ್ಲಿ ಪಕ್ಕದ ಮನೆಯೆಂದರೆ
ನಮ್ಮ ಅಂಗಳದ ಕೆಳಗಿರುವ ಮಾಳಿಗೆ.
ಇಲ್ಲಿ ಪಕ್ಕದ ಮನೆ ಪಕ್ಕದಲ್ಲೇ, ಆದರೆ ಗೇಟಿದೆ.
ಚಿತ್ರದುರ್ಗಕ್ಕೆ ಟ್ರಿಪ್ ಹೋದಾಗ ಸಾರ್,
ನೀವು ಏದುಸಿರು ಬಿಡುತ್ತ ಇದು ಬೆಟ್ಟ ಅಂದಿರಿ.
ನಾನು ಎದುರು ಮಾತಾಡಲಿಲ್ಲ.'

ನಕ್ಕೆ. ಪಕ್ಕದ ಗಣಿತದವರು ಏನ್ರೀ ಅಂದರು.
ಏನಿಲ್ಲ ಅಂದೆ.

'ಅಲ್ಲಿ ಕಮ್ಮಾರ ಕಾಮಿಗಳು ಮುಟ್ಟಿದ ನೀರನ್ನು
ಅಜ್ಜಿ ಚೆಲ್ಲಿಬಿಡುತ್ತಾಳೆ, ಹೊತ್ತು ತಂದದ್ದೇ ಆದರೂ.
ಇಲ್ಲಿ ಕಾಮಿಯ ದನ್‌ಬೀರ್ ಕಾಕಾ ನಮ್ಮ ವಠಾರದಲ್ಲೇ.
ಅಪ್ಪನೂ ಅವನೂ ಒಂದೇ ತಂಬಿಗೆಯಲ್ಲಿ ಕುಡಿಯುತ್ತಾರೆ.
ಇಬ್ಬರನ್ನೂ ಜನ ಗೂರ್ಖಾ ಅನ್ನುತ್ತಾರೆ.
ಇಬ್ಬರೂ ಅಲ್ಲ.
ತಂಬಿಗೆ ವಿಷಯ ಊರಿಗೆ ಫೋನ್ ಮಾಡುವಾಗ ಹೇಳುವುದಿಲ್ಲ.

'ಇಲ್ಲಿಯ ನೂರು ರೂಪಾಯಿ
ಮಹಾಕಾಳಿ ಸೇತುವೆ ದಾಟಿದರೆ ನೂರರವತ್ತು.
ನಡೆದೇ ದಾಟುತ್ತೇವೆ. ಹತ್ತು ನಿಮಿಷ.
ಬೇರೆ ಯಾವುದೂ ಆ ಹತ್ತು ನಿಮಿಷದಲ್ಲಿ ಹೆಚ್ಚುವುದಿಲ್ಲ.
ಅಪ್ಪ ಅರವತ್ತೆರಡು ಮನೆ ಕಾಯುತ್ತಾನೆ, ತಿಂಗಳಿಗೆ ಐವತ್ತು.
ಮೂವತ್ತು ಮನೆಯವರು ಕೊಡುತ್ತಾರೆ.
ಉಳಿದ ಮನೆಗಳನ್ನೂ ಕಾಯಲೇಬೇಕು,
ಯಾಕಂದರೆ ಕಳ್ಳನಿಗೆ ಈ ಲೆಕ್ಕ ಗೊತ್ತಿರುವುದಿಲ್ಲ.

'ಪ್ರಶ್ನೆಯಲ್ಲಿ ಇಲ್ಲದ್ದು:
ಅಲ್ಲಿ ಗಡಿಯಾರ ಹದಿನೈದು ನಿಮಿಷ ಮುಂದೆ.
ನಮ್ಮ ಮನೆಯದನ್ನು ತಿರುಗಿಸಲು ಅಮ್ಮ ಇನ್ನೂ ಬಿಟ್ಟಿಲ್ಲ.'

ಓ.
ಮೂರು ವರ್ಷದಿಂದ ಜವಾನ ಗೇಟು ತೆಗೆಯುವ ಮೊದಲೇ
ಹೊಂಗೆ ಮರದ ಕಟ್ಟೆಯ ಮೇಲೆ ಕೂತಿರುತ್ತಿದ್ದಳು.
ಪ್ರಾರ್ಥನೆಯಲ್ಲಿ ಮುಂದಕ್ಕೆ ಕರೆದು ನಿಲ್ಲಿಸಿದ್ದೆ:
ನೋಡ್ರಲೇ, ಶಿಸ್ತು ಅಂದ್ರೆ ಇದು.
ಎಲ್ಲರೂ ಚಪ್ಪಾಳೆ ತಟ್ಟಿದ್ದರು.
ತಲೆ ತಗ್ಗಿಸಿ ನಿಂತಿದ್ದಳು, ವಿನಯ ಅಂದುಕೊಂಡಿದ್ದೆ.

ವಿಸ್ತೀರ್ಣ ಇಲ್ಲ. ಜನಸಾಂದ್ರತೆ ಇಲ್ಲ.
ಆಮದು ರಫ್ತು ಒಂದು ಸಾಲೂ ಇಲ್ಲ.
ಮಾದರಿ ಉತ್ತರದ ಪ್ರಕಾರ ಎರಡೂವರೆ,
ಗೆರೆಗೆ ಅರ್ಧ ಸೇರಿಸಿದರೆ ಮೂರು.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ,
ಪೇಪರನ್ನು ಚೀಲಕ್ಕೆ ತುರುಕಿಕೊಂಡು ಮನೆಗೆ ಬಂದೆ.

ನಮ್ಮ ಮನೆ ಇರುವುದು ಪಿ.ಜೆ. ಬಡಾವಣೆಯಲ್ಲಿ.
ಒಂದನೇ ತಾರೀಖು ಅವನು ಬಂದು ಬಾಗಿಲ ಬಳಿ ನಿಂತರೆ
ಮುಂದಿನ ತಿಂಗಳು ಬಾರಪ್ಪ ಅಂತ
ಒಳಗಿನಿಂದಲೇ ಕೂಗುವ ದನಿ ನನ್ನದು.
ಬರೆಯುವಾಗ ಅವಳಿಗೆ ಗೊತ್ತಿತ್ತೆ?

ರಾತ್ರಿ ನಿದ್ದೆ ಬರಲಿಲ್ಲ, ಸೆಖೆಗೆ ಅಂತ ಹೆಂಡತಿಗೆ ಹೇಳಿದೆ.
ಕೋಲು ನಮ್ಮ ಗೇಟನ್ನೂ ಎರಡು ಸಲ ತಟ್ಟಿತು,
ಕೊಟ್ಟವರ ಗೇಟಿಗೆ ತಟ್ಟಿದಷ್ಟೇ ಮೆಲ್ಲಗೆ.
ಐವತ್ತರ ನೋಟು ಹುಡುಕಿಕೊಂಡು ಚಿಲಕ ತೆಗೆಯುವಷ್ಟರಲ್ಲಿ
ಬೀದಿ ಖಾಲಿ.
ಒಳಗೆ ಗೋಡೆಯ ಮೇಲೆ ಸರಿಯಾಗಿ ಎರಡು ಗಂಟೆ.
ಸೀಟಿ ಆಗಲೇ ಮುಂದಿನ ಕ್ರಾಸಿನಲ್ಲಿತ್ತು,
ಅಲ್ಲಿ ಎರಡೂಕಾಲು.