ದೂರು ಕೊಟ್ಟಾಂವ

ದುಧನಿ ರೈಲ್ವೆ ಗೇಟಿನ ಈಚೀಕ, ತೊಗರಿ ಗೋದಾಮಿನ ಬಾಜೂಕ
ನನ್ನ ಗ್ಯಾರೇಜು. ಬೋರ್ಡು ಮರಾಠಿ, ಬೈಗುಳ ಕನ್ನಡ,
ಸ್ಕ್ಯಾನರಿನ ಮಾತು ಯಾವ ಊರಿಂದೂ ಅಲ್ಲ,
ಬರೇ ಒಂದು ಅಕ್ಷರ, ನಾಕು ಅಂಕಿ.

ಧೂಳಪ್ಪ ತನ್ನ ಇಕೋ ತಂದು ನಿಲ್ಲಿಸಿದ.
ಕನ್ನಡ ಸಾಲಿ ಹುಡುಗೂರನ್ನ ಒಯ್ಯೂ ಗಾಡಿ,
ಸೀಟಿನ ಸಂದ್ಯಾಗ ಮುರದ ಪೆನ್ಸಿಲು, ಹುಣಸಿಬೀಜ.
"ಸಾತಲಿಂಗಣ್ಣಾ, ಆ ಹಳದಿ ದೀಪ ಆರಿಸಿಬಿಡು, ಸಾಕು.
ಸೋಲಾಪುರದಾಗ ಸೆನ್ಸಾರ ಬದಲಿ ಮಾಡ್ಯಾರ,
ಮೂರು ಸಾವಿರದ ಎಂಟು ನೂರು.
ಮೂರನೇ ದಿನಕ್ಕ ಮತ್ತ ಹತ್ತೇದ."

ಆರಸೂದು ಏನು ದೊಡ್ಡದು?
ಒಂದು ಗುಂಡಿ. ನೂರು ರೂಪಾಯಿ.
ನಾನೂ ಒತ್ತೀನಿ ಅದನ್ನ, ಸುಳ್ಳ್ಯಾಕ ಹೇಳ್ಲಿ,
ಮಾರೂ ಗಾಡಿಗೆ, ಗಿರಾಕಿ ಬರೂಕಿಂತ ಮೊದಲ.
ನಾಗಣಸೂರಿನಾಂವ ಒಬ್ಬ ತೊಗೊಂಡ ಅಂಥದೊಂದು.
ತಿಂಗಳ ಮ್ಯಾಲ ಬಂದ. ಜಗಳಾಡಲಿಲ್ಲ.
ಚಾ ಕುಡದ, ಬಶಿ ಡಬ್ಬ ಹಾಕಿಟ್ಟ,
"ನಿನಗ ಗೊತ್ತಿತ್ತಲ್ಲ?" ಅಂದ, ಹೋದ.
ಅವತ್ತಿನಿಂದ ಆ ಗುಂಡಿ ಬೆರಳಿಗೆ ಸುಡತದ.
ಮತ್ತ ಅಳಿಸಿದ್ದೂ ಯಂತ್ರಕ್ಕ ಗೊತ್ತಿರತದ:
ಒಳಗಿನ ಪರೀಕ್ಷಾ ಎಲ್ಲಾ 'ಇನ್ನೂ ಮುಗದಿಲ್ಲ' ಅಂತ ಕೂತಿರತಾವ,
ಆಗಷ್ಟೇ ಒರಸಿದ ಪಾಟಿ ಹಂಗ,
ಬರಹ ಇಲ್ಲ, ಹಸಿ ಅದ.

ಸ್ಟೇರಿಂಗಿನ ಕೆಳಗ ಮೊಣಕಾಲೂರಿ ವಾಯರ ಹಚ್ಚಿದೆ.
ಪಿ. ಸೊನ್ನಿ. ಒಂದು. ಏಳು. ಒಂದು.
ಮಿಶ್ರಣ ತೆಳು. ಗಾಳಿ ಹೆಚ್ಚು, ಪೆಟ್ರೋಲು ಕಮ್ಮಿ,
ನೀರು ಜಾಸ್ತಿ ಆದ ಬ್ಯಾಳಿ ಇದ್ದಂಗ.
ಯಾರು ಹೇಳಿದ್ರು? ಹೊಗಿ ನಳಗ್ಯಾಗ ಕೂತ ಸೆನ್ಸಾರು.
ಹೇಳಿದಾಂವನ್ನ ಕಿತ್ತೊಗದು ಹೊಸಬನ್ನ ಕೂಡಿಸ್ಯಾರ.
ಹೊಸಬನೂ ಅದನ್ನ ಹೇಳ್ಯಾನ. ಪಾಪ, ಅಂವ ಏನ್ ಮಾಡಬೇಕು?
ಧೂಳಪ್ಪಾ, ದೂರು ಕೊಟ್ಟಾಂವ ಬ್ಯಾರೆ, ಕಳ್ಳ ಬ್ಯಾರೆ.

ಕೋಡಿನ ಹಿಂದ ಒಂದು ಗಳಿಗಿ ಹೆಪ್ಪುಗಟ್ಟಿರತದ.
ಕಾವು ತೊಂಬತ್ತೊಂದು.
ಸುತ್ತು ಎಂಟು ನೂರಾ ಹತ್ತು.
ವೇಗ ಸೊನ್ನಿ.
"ಎಲ್ಲಿ ನಿಂತಿದ್ದಿ?"
"ಗೇಟಿನ್ಯಾಗ ಇರಬೇಕು. ಮಾಲಗಾಡಿ ಹೊಂಟಿತ್ತು.
ಹುಡುಗೂರು ಡಬ್ಬಿ ಎಣಸ್ಲತ್ತಿದ್ವು,
ಐವತ್ತೆಂಟೋ ಐವತ್ತೊಂಬತ್ತೋ ಅಂತ ಬಡದಾಡಿದ್ವು."

ಎಕ್ಸಿಲೇಟರ ಒತ್ತಿ ಹಿಡದೆ:
ಇಪ್ಪತ್ಮೂರಿದ್ದ ಅಂಕಿ ಆರಕ್ಕ ಇಳೀತು. ಬಿಟ್ಟೆ, ಮತ್ತ ಏರ್ತು.
ಓಡುವಾಗ ಇಂಜಿನ್ನು ಅಷ್ಟು ಗಾಳಿ ಕುಡೀತದ, ಕದ್ದ ಗುಟುಕು ಲೆಕ್ಕಕ್ಕಿಲ್ಲ.
ನಿಂತಾಗ ಒಂದೊಂದು ಗುಟುಕಿಗೂ ಲೆಕ್ಕ ಅದ.

ಸೀಟು ಎತ್ತಿದೆ. ಇಕೋದ ಇಂಜಿನ್ನು ಅಲ್ಲೇ,
ಇಷ್ಟು ವರ್ಷ ಧೂಳಪ್ಪ ಅದರ ಮ್ಯಾಲ ಕುಂತಾನ.
ಪೆಟ್ರೋಲಿನ ವಾಸನಿ ಇಲ್ಲ ಅಂತ ಎರಡು ಸಲ ಮೂಸಿ,
ಹುಸೇನಿ ಕೈಯಾಗ ಉಸುಕಿನ ಬಕೀಟು ಕೊಟ್ಟು,
ಗಲ್ಲೇದ ಮುಂದಿನ ಊದಿನಕಡ್ಡಿ ತಂದೆ.
ಹೊಗಿ ನೆಟ್ಟಗ ಏರ್ತಿತ್ತು.
ಇಲ್ಲಿ ನೆಟ್ಟಗ. ಇಲ್ಲೂ ನೆಟ್ಟಗ.
ಹಿಂದ, ಕೈ ಮುಟ್ಟದ ಮೂಲ್ಯಾಗ, ಒಂದು ಕರೀ ಪೈಪಿನ ಹತ್ತಿರ
ತಲಿ ಬಗ್ಗಿಸ್ತು,
ಅಡ್ಡಾತು,
ಯಾರೋ ಒಳಗ ಕರದಂಗ ಹೋತು.

ಬೆರಳಿಟ್ಟೆ. ಇಂಜಿನ್ನಿನ ದನಿ ಸರೀತು.
ನಾವು ಮೂವರೂ ಸುಮ್ಮ ನಿಂತೀವಿ ಒಂದೀಟು ಹೊತ್ತು.

ಪೈಪಿಗೆ ತೊಂಬತ್ತು ರೂಪಾಯಿ.
"ಹಂಗಾರ ಆ ಮೂರು ಸಾವಿರದ ಎಂಟು ನೂರು?"
ನಾ ಏನ್ ಹೇಳ್ಲಿ. "ಹಳೇ ಸೆನ್ಸಾರ ಎಲ್ಲದ?"
"ಅಲ್ಲೇ ಬಿಟ್ಟು ಬಂದೆ."
ಖರೇ ಹೇಳಿದ್ದು, ಭಂಗಾರಕ್ಕ ಹೋತು.

"ಈಗಾರ ದೀಪ ಆರಿಸು."
ಬ್ಯಾಡ. ತಾನ ಆರಲಿ. ಮೂರು ಸಲ ಹಂಗೇ ಓಡಸು, ಹಂಗೇ ನಿಂದ್ರು,
ಮೂರು ಸಲಾನೂ ತಪ್ಪು ಕಾಣಲಿಲ್ಲಂದ್ರ ಅದೇ ಸುಮ್ಮನಾಗತದ.
ನಂಬಲಿಲ್ಲ. ಬೈಕೋತ ಹೋದ.

ಐತವಾರ ಬಿಟ್ಟು ನಾಕನೇ ದಿನ ಫೋನು.
ಅಂವ ಏನಂದ ಕೇಳಸಲಿಲ್ಲ, ಗೇಟಿನ್ಯಾಗ ನಿಂತಿದ್ದ,
ಹಿಂದ ಗಾಲಿ ಸಪ್ಪಳ, ಅದರ ಮ್ಯಾಲ ಹುಡುಗೂರ ದನಿ:
ನಲವತ್ತಾರು, ನಲವತ್ತೇಳು,
ಏ ಸುಮ್ಮಿರೋ, ನಲವತ್ತೇಳು