ಮೂರನೆಯ ಅಂಕಿ

ವಿರ್ತ್ಸು ಬಂದರಿನ ಟಿಕೆಟ್ ಕಚೇರಿ. ಹೊರಗೆ
ಸಮುದ್ರ ಅರೆಬರೆ ಹೆಪ್ಪುಗಟ್ಟಿದೆ.
ಕಾಲ್ಯೊ ಮನೆಗೆ ಹೋದ. ನಾನು ಉಳಿದೆ,
ದೋಷಗಳ ದಫ್ತರದ ಕೀಲಿಯನ್ನು
ಹೊಸ ಸಹಾಯಕನ ಕೈಗೆ ಕೊಡಲು.
ಕೈ ಅಂದೆ. ಇರಲಿ.
ಓದಲು ಮಾತ್ರ ಅನುಮತಿ; ಅಳಿಸುವುದಕ್ಕಿಲ್ಲ.

ಚಹಾ ಆರುವ ಮೊದಲೇ ಅದು ಕೆದಕಿ ತಂದದ್ದು
ನಾನೇ ಎಂದೋ ಬಾಯಿ ಮುಚ್ಚಿಸಿದ್ದ ಒಂದು ತಪ್ಪು:
'ಮೇ ತಿಂಗಳಿಂದ, ಪ್ರತಿ ಶುಕ್ರವಾರ,
ಒಂದೇ ಫೋನಿನಿಂದ.
ಪ್ರಯಾಣಿಕರ ವಯಸ್ಸು ನೂರು.
ನಿಮ್ಮ ಚೌಕದಲ್ಲಿ ಎರಡೇ ಅಂಕಿಗೆ ಜಾಗ.'

ಹೆಸರಿನ ಬದಲು ಚುಕ್ಕಿಗಳು, ಅದು ಕಾನೂನು.
ಟಿಕೆಟ್ಟಿನ ಲೆಕ್ಕ ನಾನೇ ತೆಗೆದು ನೋಡಿದೆ:
ಪ್ರತಿ ಸಲ, ತಪ್ಪಾದ ನಾಲ್ಕು ನಿಮಿಷಕ್ಕೆ,
ಅದೇ ಹಡಗಿಗೆ, ಒಂದು ಸೀಟು, ತೊಂಬತ್ತೊಂಬತ್ತು.
ಆ ನಾಲ್ಕು ನಿಮಿಷ ಯಾರೋ
ಕನ್ನಡಕ ಒರೆಸಿ, ಮತ್ತೆ ನೂರೆಂದೇ ಒತ್ತಿ,
ಕೊನೆಗೆ ಒಂದು ವರ್ಷ ಬಿಟ್ಟುಕೊಟ್ಟು
ಆಚೆ ದಡ ಸೇರಿದ್ದಾರೆ.

ತಿದ್ದಿದ್ದು ಒಂದೇ ಸಾಲು. ಅದು ಬರೆಯಿತು, ನಾನು ಹೂಂ ಅಂದೆ.

ಶುಕ್ರವಾರ ಬಂತು. ಫಲಕದಲ್ಲಿ ಏನೂ ಇಲ್ಲ.
ಬೆನ್ನು ತಟ್ಟಿಕೊಳ್ಳಬೇಕು. ಕಾಲ್ಯೊ ತಟ್ಟಿಯೂ ತಟ್ಟಿದ.
ಸರಿಹೋಯಿತೋ, ಇಲ್ಲಾ
ಅವರು ಬರಲೇ ಇಲ್ಲವೋ?
ಕೇಳಿದೆ.
'ಎಡವಿದವರಷ್ಟೇ ನನಗೆ ಕಾಣುತ್ತಾರೆ' ಎಂದಿತು.
'ನೆಟ್ಟಗೆ ನಡೆದವರೂ ನಡೆಯದೇ ಉಳಿದವರೂ
ಇಲ್ಲಿಂದ ಒಂದೇ.'

ಟಿಕೆಟ್ಟಿನ ಲೆಕ್ಕ ಮತ್ತೆ ತೆಗೆದರೆ ತಿಳಿದೀತು.
ತೆಗೆಯಲಿಲ್ಲ.
ಕೋಟು ತೊಟ್ಟು, ಕೈಗವಸು ಒಂದೇ ಸಿಕ್ಕಿ,
ಮೆಟ್ಟಿಲಿಳಿದೆ.
ಐದೂವರೆಯ ಹಡಗಿಗೆ
ಹಲಗೆ ಹಾಕುತ್ತಿದ್ದರು.