ಮೊಣಕಾಲಿನ ಕಿಟ್ಟ

ತೋರುನ್ ಪಟ್ಟಣದ ಹಾಲ್ಷ್ಕಾ
ಕಾಲುಚೀಲ ಕೆಳಗಿಳಿಸಿ ತೋರಿಸುತ್ತಾಳೆ:
ಎಡ ಮೊಣಕಾಲಲ್ಲಿ, ಚರ್ಮದಡಿ,
ಎಳ್ಳುಕಾಳಿನಷ್ಟು ಕಪ್ಪು.

"ಆಗ ಓಟದ ಹಾದಿಗೆ
ರೈಲಿನೊಲೆಯ ಕಿಟ್ಟ ಹಾಸುತ್ತಿದ್ದರು.
ಮೂರನೆಯ ಹರ್ಡಲ್ ತಾಗಿ ಬಿದ್ದೆ.
ಡಾಕ್ಟರು ಎಲ್ಲ ಹೆಕ್ಕಿ ತೆಗೆದರು, ಇದೊಂದು ಬಿಟ್ಟು.
ಇರಲಿ ಅಂದೆ.
ಬೇರೆ ಪದಕವೇನು ಸಿಕ್ಕಿತ್ತು?"

ಮೇಜಿನ ಮೇಲೆ ದಪ್ಪ ಪುಸ್ತಕ,
ಖಂಡದ ಕಿರಿಯರ ಕೂಟಗಳ ಲೆಕ್ಕ.
ಪುಟ ತಿರುವುತ್ತೇನೆ:
ಕಿಟ್ಟ ಹೋಗಿ ರಬ್ಬರು ಬಂತು,
ಹೆಬ್ಬೆರಳ ಗಡಿಯಾರದ ಜಾಗಕ್ಕೆ
ರೆಪ್ಪೆ ಬಡಿಯದ ಕ್ಯಾಮೆರಾ.
ಎರಡು ದೇಶ ಒಂದಾಯಿತು,
ಒಂದು ಎರಡಾಯಿತು,
ಇನ್ನೊಂದು ಒಡೆದು
ಚೂರಿಗೊಂದು ಬಾವುಟ ಹೊಲಿಸಿಕೊಂಡಿತು.
ಯಾವ ಪುಟ ತೆರೆದರೂ ಯಾರಿಗೂ
ಇನ್ನೂ ಇಪ್ಪತ್ತಾಗಿಲ್ಲ.

ಗೆದ್ದವರ ಮುಂದೆ ಸೆಕೆಂಡು, ಅದರ ಚೂರು.
ಒಂದು ಹೆಸರಿನ ಮುಂದೆ ಬರೀ ಅಡ್ಡಗೆರೆ.
ಹಾಲ್ಷ್ಕಾ ಅದರ ಮೇಲೆ ಉಗುರಿಡುತ್ತಾಳೆ.

"ಪಕ್ಕದ ಲೇನಿನವಳು ಗುದ್ರುನ್, ಲೈಪ್‌ಜಿಗ್ ಕಡೆಯವಳು.
ಬೆಳ್ಳಿ ಗೆದ್ದು, ಯಾರ ಕೈಯನ್ನೂ ಕುಲುಕದೆ
ಹಿಂದಕ್ಕೆ ನಡೆದು ಬಂದಳು, ನಾನು ಬಿದ್ದಲ್ಲಿಗೆ.
ಅವಳ ಭಾಷೆ ಬೀದಿಯಲ್ಲಿ ಕೇಳಿಸಿದರೆ
ಅಮ್ಮ ಕಿಟಕಿ ಮುಚ್ಚುತ್ತಿದ್ದಳು, ಗೊತ್ತಾ.
ಅವಳು ಮಾತಾಡಲಿಲ್ಲ.
ಕರವಸ್ತ್ರಕ್ಕೆ ಎಂಜಲು ಹಚ್ಚಿ
ನನ್ನ ಮೊಣಕಾಲು ಒರೆಸಿದಳು,
ಒರಟಾಗಿ, ಪಾತ್ರೆ ಉಜ್ಜುವ ಹಾಗೆ."

ಆಮೇಲೆ?

"ಆಮೇಲೆ ಏನು. ರಿಲೇ ಶುರುವಾಯಿತು,
ನಮ್ಮನ್ನು ಹುಲ್ಲಿನ ಮೇಲೆ ಎಳೆದು ಹಾಕಿದರು."

ಅವಳ ದೇಶದ ಮೂರಕ್ಷರ
ಯಾವ ನಕ್ಷೆಯಲ್ಲೂ ಈಗಿಲ್ಲ.
ಕಾಲುಚೀಲ ಮೇಲೆಳೆದುಕೊಳ್ಳುತ್ತ ಹಾಲ್ಷ್ಕಾ
ನನಗಲ್ಲ, ಪುಸ್ತಕಕ್ಕೆ ಹೇಳುತ್ತಾಳೆ:

"ಕರವಸ್ತ್ರ ಒಗೆದಿಟ್ಟಿದ್ದೇನೆ.
ನೀಲಿ ಅಂಚಿನದು."